ನಾಲ್ಕನೇ ಸಂಪುಟ

ಮೂರು ಸಂಪುಟ ಅಚ್ಚಾದ ಮೇಲೆ ಕಂಪನಿ ಮುಳುಗಿತು.
ಕಾಡು ಬಂದಿತ್ತು, ಕಡಲು ಬಂದಿತ್ತು, ಕೋಟೆಗಳೂ ಬಂದಿದ್ದವು;
ಮೂರನೆಯದರ ಹಿಂಬದಿಯ ರಟ್ಟಿನ ಮೇಲೆ
‘ಬರುವ ವಸಂತಕ್ಕೆ: ಪಾತಾಳ’ ಎಂದೊಂದು ಸಾಲು.
ಹನ್ನೊಂದು ವಸಂತ ಕಾದೆವು.
ಆಮೇಲೆ ಗಿಜೆಲಾ, ನಮ್ಮ ಆಟದ ಸೂತ್ರಧಾರಿ,
ತಾನೇ ಬರೆದಳು. ನಲವತ್ತು ಪುಟ.
ಹಲ್ಲಿನ ಆಸ್ಪತ್ರೆಯ ಜೆರಾಕ್ಸಿನಲ್ಲಿ, ಡಾಕ್ಟರು ಊಟಕ್ಕೆ ಹೋದಾಗ,
ಐದು ಪ್ರತಿ. ಒಂದು ಹೆಚ್ಚಿಗೆ.

ಬಿತೊಮ್ ಊರಿನಲ್ಲಿ ಯಾವ ಮನೆಯೂ ನೆಟ್ಟಗಿಲ್ಲ.
ಅಡಿಯ ಕಲ್ಲಿದ್ದಲು ತೆಗೆದೂ ತೆಗೆದೂ ನೆಲ ಕುಸಿದಿದೆ.
ಹಾಲ್ಷ್ಕಾಳ ಅಡುಗೆಮನೆಯಲ್ಲಿ ದಾಳ ಎಸೆದರೆ
ಕಿಟಕಿಯ ಕಡೆಗೇ ಉರುಳುತ್ತದೆ.
ಅದಕ್ಕೇ ಮೇಜಿನ ಒಂದು ಕಾಲಿಗೆ
ಬಿಸ್ಕತ್ತಿನ ಡಬ್ಬಿಯ ರಟ್ಟು, ನಾಲ್ಕು ಮಡಿಕೆ.

ಒಂದು ಗುರುವಾರ ಇಳಿಯತೊಡಗಿದೆವು.
ನಾನು ಕಳ್ಳ, ಹಾಲ್ಷ್ಕಾ ಮಂತ್ರವಾದಿ,
ತೆಯೊಫಿಲ್ (ಮೂವತ್ತೊಂದು ವರ್ಷ ಗಣಿಯಲ್ಲಿ ಸವೆದ ಮಂಡಿ,
ನೂರಾ ಹತ್ತು ಕೆಜಿ)
ಹೂವಿನ ಹೆಸರಿನ ಎಲ್ಫ್, ಬಿಲ್ಲುಗಾತಿ.

ಮೊದಲ ಸುರಂಗದಲ್ಲೇ ತಕರಾರು ತೆಗೆದ:
“ಊರೆಗಂಬ ಎಲ್ಲಿ? ಇಲ್ಲದೆ ಈ ಚಾವಣಿ ನಿಂತಿದ್ದು ಹೇಗೆ?”
“ಇದು ಸತ್ತವರ ಲೋಕ, ತೆಯೊಫಿಲ್.”
“ಸತ್ತವರ ಮೇಲೂ ಬೀಳುತ್ತಮ್ಮಾ ಚಾವಣಿ.
ಗಾಳಿ ಎಲ್ಲಿಂದ ಬರುತ್ತೆ? ನೀರು ಎಲ್ಲಿಗೆ ಹೋಗುತ್ತೆ?”
ಮೂರು ತಲೆಯ ನಾಯಿಯ ಬಗ್ಗೆ ಅವನದೇನೂ ತಕರಾರಿಲ್ಲ.
ಗಿಜೆಲಾ ರಬ್ಬರು ಹುಡುಕಿದಳು.
ಆ ರಾತ್ರಿ ಯಾರೂ ಯಾರನ್ನೂ ಕೊಲ್ಲಲಿಲ್ಲ;
ಪಾತಾಳಕ್ಕೆ ಊರೆ ಕೊಟ್ಟೆವು, ಮಾರಿಗೊಂದರಂತೆ.

ಏಳನೇ ನೆಲೆಯ ಬಾಗಿಲಲ್ಲಿ ಒಬ್ಬ ನಿಂತಿದ್ದ.
ಮುಖವಿಲ್ಲ. ಕೊರಳಲ್ಲಿ ಹಿತ್ತಾಳೆ ಬಿಲ್ಲೆ, ಬಿಲ್ಲೆಯಲ್ಲಿ ಅಂಕಿ.
ಗಿಜೆಲಾ ಓದಿದಳು: “ನಾನೂರ ಹನ್ನೆರಡು.”
“ಆ ನಂಬರು ಬೇಡ,” ಅಂದ ತೆಯೊಫಿಲ್,
“ಅದು ರುಫಿನ್‌ನದು. ಅವನಿನ್ನೂ ಗಟ್ಟಿಮುಟ್ಟಾಗಿದ್ದಾನೆ,
ಮಗಳ ಮನೆಯ ಅಟ್ಟದಲ್ಲಿ ಪಾರಿವಾಳ ಸಾಕ್ತಾನೆ.”
ನಕ್ಕೆವು. ಅವನೂ ನಕ್ಕ.
ಚಹಾದ ಲೋಟವನ್ನು ಒಂದು ಸುತ್ತು ತಿರುಗಿಸಿ
“ನಾನೂರ ಹದಿನೇಳು ಅಂತ ಬರಿ,” ಅಂದ.

ಯಾರದು ಅಂತ ನಾವು ಕೇಳಲಿಲ್ಲ.
ಸಕ್ಕರೆ ಡಬ್ಬಿಯ ಮುಚ್ಚಳ ಮುಚ್ಚಿದಳು ಹಾಲ್ಷ್ಕಾ.

ನಿಯಮ: ಸತ್ತವನನ್ನು ಮೇಲಕ್ಕೆ ಕರೆತರಲು
ಇಪ್ಪತ್ತು ಮುಖದ ದಾಳದಲ್ಲಿ ಹದಿನಾಲ್ಕಾದರೂ ಬೀಳಬೇಕು.
ತೆಯೊಫಿಲ್ ಬಗ್ಗಿ, ಏದುಸಿರುಬಿಟ್ಟು,
ಮೇಜಿನ ಕಾಲಡಿಯ ರಟ್ಟು ಎಳೆದು ಹಾಕಿದ.
“ಗರ ಹೇಗೆ ಬೀಳುತ್ತೋ ಹಾಗೇ ಬೀಳಲಿ.”
ದಾಳ ಉರುಳಿತು, ಇಳಿಜಾರು ಹಿಡಿದು, ಬ್ರೆಡ್ಡಿನ ಚೂರು ದಾಟಿ,
ಕಿಟಕಿಯ ಕಟ್ಟೆಗೆ ಬಡಿದು ನಿಂತಿತು:
ಆರು.

ಸೋತರೆ ಏನು? ಮೂವತ್ತೆಂಟನೇ ಪುಟ, ಕೆಳತುದಿ.
‘ಸೋತರೆ ಅವನು’. ಅಷ್ಟೇ ಇತ್ತು.
ಕೊನೆಯ ಸಾಲನ್ನು ಜೆರಾಕ್ಸು ನುಂಗಿತ್ತು, ಐದೂ ಪ್ರತಿಯಲ್ಲಿ.
“ಏನು ಬರೆದಿದ್ದೆ?”
“ನೆನಪಿಲ್ಲ,” ಅಂದಳು ಗಿಜೆಲಾ,
ಕೋಣೆಕೋಣೆಯ ಬಾವಲಿಗಳ ಹೆಸರೂ ಬಾಯಿಪಾಠ ಇದ್ದವಳು.

ಆಮೇಲೆ, ಬಿಲ್ಲೆಯವನ ದನಿ ಮಾಡಿಕೊಂಡು:
“ಮೇಲೆ ಗಂಟೆ ಎಷ್ಟು?”
ತೆಯೊಫಿಲ್ ಗೋಡೆ ನೋಡಿದ.
“ಹನ್ನೊಂದೂ ಇಪ್ಪತ್ತು. ಪಾಳಿ ಮುಗಿದು ಬಹಳ ಹೊತ್ತಾಯ್ತು ಕಣೋ.”
“ಹಾಗಾದರೆ ಕೂರು.”
ಕೂತ.

ಇವತ್ತಿಗೆ ಒಂಬತ್ತು ಗುರುವಾರ.
ನಾವಿಬ್ಬರು ಹತ್ತನೇ ನೆಲೆಯಲ್ಲಿ ಬೆಂಕಿಯ ಹೊಳೆ ದಾಟುತ್ತಿದ್ದೇವೆ,
ಬಿಲ್ಲುಗಾತಿ ಇನ್ನೂ ಏಳರಲ್ಲೇ.
ಸರದಿ ಬಂದಾಗ “ಮಾತಾಡ್ತಾ ಇದ್ದೇವೆ” ಅನ್ನುತ್ತಾನೆ,
ದಾಳ ಮುಟ್ಟುವುದಿಲ್ಲ.
ರಟ್ಟು ಮತ್ತೆ ಇಡಲು ಹಾಲ್ಷ್ಕಾಗೆ ಮರೆತೇ ಹೋಗುತ್ತದೆ.
ದೂರದಿಂದ ಬಾಣ ಬಿಡುವವರು ಯಾರೂ ಇಲ್ಲದೆ
ನನ್ನ ಕಳ್ಳನಿಗೆ ಈಗಾಗಲೇ ಎರಡು ಸಲ ಸುಟ್ಟಿದೆ.