ತೇಲುವ ಕಾಳು

ತಲೆಗೆ ಹತ್ತು ಕೇಜಿ. ನಾಲ್ಕು ತಲೆ, ನಲವತ್ತು.
ಐದನೆಯ ತಲೆ ಇನ್ನೂ ಕಾರ್ಡಿಗೆ ಹತ್ತಿಲ್ಲ,
ಮೂರು ವರ್ಷದ್ದು. ಸೈಬರಿನವನು ಹೇಳುತ್ತಾನೆ,
ಸೈಟ್ ಓಪನ್ ಆಗಲಿ ಅಕ್ಕ, ಸೇರಿಸಿಕೊಡ್ತೀನಿ.
ಅಲ್ಲಿಯವರೆಗೆ ಸಣ್ಣವನು ನಮ್ಮ ಪಾಲಿನಲ್ಲಿ ಉಣ್ಣುತ್ತಾನೆ.

ಗಂಡನ ಹೆಬ್ಬೆಟ್ಟನ್ನು ಮಷೀನು ಒಪ್ಪುವುದಿಲ್ಲ,
ಗೆರೆಗಳನ್ನೆಲ್ಲ ಸಿಮೆಂಟು ತಿಂದಿದೆ.
ನನ್ನದನ್ನು ಸೆರಗಿಗೆ ಒರೆಸಿ,
ಉಗುರಿನ ಸಂದಿಯ ಹಿಟ್ಟು ಕೆರೆದು ಇಡುತ್ತೇನೆ.
ಮೂರನೇ ಸಲಕ್ಕೆ ಹಸಿರು ದೀಪ.
ರಾಗಿ? ಅಂದೆ.
ಶಾಂತಪ್ಪ ತಕ್ಕಡಿಯಿಂದ ಕಣ್ಣೆತ್ತಲಿಲ್ಲ.
ಲೋಡ್ ಬಂದಿಲ್ಲ. ಹೋದ ತಿಂಗಳೂ ಇದನ್ನೇ ಕೇಳಿದ್ದೆ ನೀನು.

ಅತ್ತೆ ನಿಂಗಾಜಮ್ಮ ದುದ್ದದ ಕಡೆಯವರು.
ಅವರ ಲೆಕ್ಕದಲ್ಲಿ ಅನ್ನ ಅಂದರೆ
ಹಬ್ಬಕ್ಕೆ, ಬಾಣಂತಿಗೆ, ಬಂದ ನೆಂಟರಿಗೆ.
ತಟ್ಟೆ ದೂಡಿ ಹೇಳುತ್ತಾರೆ:
ದಿನಾ ಹಬ್ಬ ಮಾಡಿದರೆ ಹೊಟ್ಟೆಗೆ ಗೊತ್ತಾಗಲ್ವೇನೇ?
ನಡುರಾತ್ರಿ ಎದ್ದು ಕೂತ್ಕೊಂತದೆ, ಇನ್ನೇನೈತೆ ಅಂತ.

ಮಗಳು ಮೋನಿಷಾಳಿಗೆ ಮುದ್ದೆ ನುಂಗಲು ಬಾರದು,
ಅಗಿದು ಅಗಿದು ಉಗಿಯುತ್ತಾಳೆ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಅತ್ತೆಯ ಚೀಟಿ ನೋಡಿ
ಅನ್ನ ಕಮ್ಮಿ ಮಾಡಿ, ಸೊಪ್ಪು ತರಕಾರಿ ಜಾಸ್ತಿ ಅಂದರು.
ಸೊಪ್ಪಿಗೆ ಯಾವ ಕಾರ್ಡು ಅಂತ ಕೇಳಬೇಕೆನ್ನಿಸಿತು.
ಹಿಂದೆ ಹದಿನೇಳು ಜನ ನಿಂತಿದ್ದರು.

ಹಾಗಾಗಿ ಹದಿನೈದು ಕೇಜಿ ಮೊಪೆಡ್ಡಿನವನಿಗೆ.
ಕತ್ತಲಾದ ಮೇಲೆ, ಲೈಟು ಹಾಕದೆ ಬರುತ್ತಾನೆ.
ಕೇಜಿಗೆ ಹದಿನಾರರಂತೆ ಇನ್ನೂರ ನಲವತ್ತು:
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಐದು ಕೇಜಿ ರಾಗಿ,
ಉಳಿದದ್ದರಲ್ಲಿ ಆರು ಮೊಟ್ಟೆ,
ಮೊಟ್ಟೆಯವನಿಗೆ ಎರಡು ರೂಪಾಯಿ ಬಾಕಿ.
ಅಕ್ಕಿ ಮಾರಬಾರದು ಅಂತ ಬೋರ್ಡಿನಲ್ಲಿದೆ.
ಓದಲು ಬರುತ್ತದೆ ನನಗೆ.

ಉಳಿದದ್ದನ್ನು ತೊಳೆಯುವಾಗ ಒಂದಷ್ಟು ಕಾಳು ತೇಲುತ್ತವೆ,
ಸುಣ್ಣದ ಬಿಳುಪು, ಅಕ್ಕಿಯ ಹಾಗೇ, ಆದರೆ ಅಕ್ಕಿಯಲ್ಲ.
ಪ್ಲಾಸ್ಟಿಕ್ಕು, ಅನ್ನುತ್ತ ಅತ್ತೆ
ಹೆಕ್ಕಿ ಹೆಕ್ಕಿ ಎದುರುಮನೆ ಕೋಳಿಗೆ ಎಸೆಯುತ್ತಾರೆ.
ಅಂಗನವಾಡಿ ಟೀಚರ್ ತಲೆ ಚಚ್ಚಿಕೊಂಡರು:
ಅಯ್ಯೋ, ಕಬ್ಬಿಣದಂಶ ಇರೋದೇ ಅದರಲ್ಲಿ,
ರಕ್ತ ಆಗೋದೇ ಅದರಿಂದ!
ನಮ್ಮ ಬೀದಿಯಲ್ಲಿ ಮೈತುಂಬ ರಕ್ತ ಇರುವುದು
ಜಬೀನಾಳ ಕೋಳಿಗೊಂದಕ್ಕೇ.

ಹಳೇ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ
ಮಧ್ಯಾಹ್ನ ಅಕ್ಕಿ ನೆನೆಹಾಕುವವಳು, ಸಂಜೆ ರುಬ್ಬುವವಳು ನಾನು.
ಮೊನ್ನೆ ಹೊಸ ಮೂಟೆ ಬಂತು. ಮೇಲೆ ನವಿಲಿನ ಚಿತ್ರ.
ಡ್ರಮ್ಮಿಗೆ ಸುರಿದು ನೀರು ಬಿಟ್ಟೆ.
ಮೊದಲು ಒಂದು. ಆಮೇಲೆ ಏಳು.
ಆಮೇಲೆ ಎಣಿಕೆ ತಪ್ಪಿತು.
ನೀರಿನ ಮೇಲೆ ಬಂದು ಒಂದಕ್ಕೊಂದು ಅಂಟಿ ನಿಂತವು,
ದೂರದೂರಿನ ಬಸ್ಸಿನಲ್ಲಿ ಗುರುತು ಸಿಕ್ಕವರ ಹಾಗೆ.

ಯಾರ ಹೆಬ್ಬೆಟ್ಟಿನವೋ.
ನನ್ನವೂ ಇರಬಹುದು.

ಯಜಮಾನರು ಹಾದು ಹೋಗುತ್ತ, ಅದನ್ನ ಮೇಲಿಂದ ತೆಗೆದುಬಿಡು ಅಂದರು.
ರುಬ್ಬಿದ ಮೇಲೆ ಕಾಣಲ್ಲ ಸಾರ್ ಅಂದೆ.
ಕಾಣಲಿಲ್ಲ. ಉದ್ದಿನ ಜೊತೆ ತಿರುಗಿ ತಿರುಗಿ
ಎಲ್ಲ ಒಂದೇ ಹಿಟ್ಟು.

ಬೆಳಗ್ಗೆ ಕೋರ್ಟಿನ ಗುಮಾಸ್ತರೊಬ್ಬರು
ಪ್ಲೇಟಿಗೆ ನಲವತ್ತೈದು ಕೊಟ್ಟು ತಿಂದು, ಹೂವಿನಂಗೈತೆ ಅಂದರು.
ಕೆಲಸದವರಿಗೆ ಎರಡು ಇಡ್ಲಿ ಪುಕ್ಕಟೆ.
ಒಂದನ್ನು ನಿಂತಲ್ಲೇ ತಿಂದೆ,
ಇನ್ನೊಂದನ್ನು ಎಲೆಯಲ್ಲಿ ಸುತ್ತಿ ತಂದು
ಕಾರ್ಡಿನಲ್ಲಿಲ್ಲದವನಿಗೆ ಕೊಟ್ಟೆ.

ಅತ್ತೆ ಒಲೆ ಮುಂದೆ ಕೋಲು ಹಿಡಿದು ಮುದ್ದೆ ತಿರುವುತ್ತಿದ್ದರು.
ಎಲ್ಲಿಂದು ಅದು? ಅಂದರು.
ನಮ್ಮನೇದೇ, ಅಂದೆ.
ತಿರುಗಿ ನೋಡದೆ ಇನ್ನಷ್ಟು ಜೋರಾಗಿ ತಿರುವಿದರು.
ನಂಗೆ ಬ್ಯಾಡ.