ಬೂತಾಯಿ ಕೈ

ಕಿವಿಯನ್ನು ಮೊದಲು ಬೆಳಕಿಗೆ ಹಿಡಿಯಬೇಕು.
ಎಡಪದವಿನ ಗುಡ್ಡಕ್ಕೆ ಬಿಸಿಲು ಬೇಗ ಬರುತ್ತದೆ,
ಮುರಕಲ್ಲು ತೆಗೆದ ಹೊಂಡದ ಅಂಚು ಹತ್ತಿ
ದೊಡ್ಡಿಯ ಹಲಗೆಗಳ ಸಂದಿಗೆ.
ಆಗ ಎತ್ತಿ ಹಿಡಿದರೆ ಮರಿಯ ಕಿವಿ
ಹಲಸಿನ ಎಳೆ ಎಲೆಯ ಹಾಗೆ;
ಒಳಗೆ ಎರಡು ಗೆರೆ, ರಕ್ತದ ದಾರಿ,
ಅವೆರಡರ ನಡುವೆ ಬೆರಳಗಲ ಜಾಗ ಉಂಟು.
ಅಲ್ಲಿ ಒತ್ತಬೇಕು, ಒಂದೇ ಸಲ,
ಬಸ್ಸಿನ ಟಿಕೆಟಿಗೆ ತೂತು ಹಾಕುತ್ತಿದ್ದ
ಹಳೆಯ ಕಂಡಕ್ಟರರಂತೆ, ಮುಖ ನೋಡದೆ.

ಇಷ್ಟನ್ನು ಡಾಕ್ಟರು ಒಂದು ಮಧ್ಯಾಹ್ನ ಕಲಿಸಿ ಹೋದರು.
ಮುಖ ನೋಡದೆ ಇರುವುದು ಮಾತ್ರ
ನನಗೆ ಇನ್ನೂ ಬಂದಿಲ್ಲ.

ಹೆಣ್ಣಿಗೆ ಎಡಕಿವಿ, ಗಂಡಿಗೆ ಬಲ.
ಹಳದಿ ಬಿಲ್ಲೆ, ಹನ್ನೆರಡು ಅಂಕೆ.
ಹಿಲ್ಡಾ ಬಾಯಿ ಕನ್ನಡಕ ಏರಿಸಿ
ಇಗರ್ಜಿಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಳ್ಳುತ್ತಾರೆ.
“ಕೊನೆಯ ನಾಲ್ಕು ಹೇಳು ಮಾರಾಯ್ತಿ, ಸಾಕು.
ಮೊದಲಿನ ಎಂಟು ಸರಕಾರಕ್ಕೆ ಇರಲಿ.”

ಮಾಳಪ್ಪ ಕೆರೂರಿನ ಕಡೆಯವನು,
ನಲವತ್ತು ಕುರಿಯ ಜೊತೆ ಒಂದೇ ಲಾರಿಯಲ್ಲಿ ಘಟ್ಟ ಇಳಿದವನು.
ಬಿಲ್ಲೆ ಅವನಿಗೆ ಕಾಣುವುದಿಲ್ಲ.
ಅವನ ಲೆಕ್ಕ ಕಾವಿಯದು:
ತಾಯಿಯ ಸೊಂಟಕ್ಕೊಂದು ಗೆರೆ,
ಅದರ ಮರಿಗೂ ಅದೇ ಗೆರೆ, ಅದೇ ಬೆರಳಿನದು.
ಆದರೆ ಇಲ್ಲಿ ನೆಲವೇ ಕಾವಿ.
ಗೇರುಮರದ ಬುಡದಲ್ಲಿ ಒಮ್ಮೆ ಹೊರಳಿದರೆ ಸಾಕು,
ಸಂಜೆಗೆ ಎಲ್ಲ ಮರಿಯೂ ಎಲ್ಲ ತಾಯಿಯದು.
ಮಾಳಪ್ಪ ಗುಡ್ಡಕ್ಕೆ ಬೈಯುತ್ತಾನೆ,
ಗುಡ್ಡಕ್ಕೆ ಅವನ ಮಾತು ತಿಳಿಯುವುದಿಲ್ಲ.

ಹೋದ ವರ್ಷ, ಬೂತಾಯಿ ಅಗ್ಗವಾಗಿದ್ದ ಒಂದು ಬೆಳಿಗ್ಗೆ,
ಮೂವತ್ತು ಮೀನು ಕೊಯ್ದಿಟ್ಟು ಓಡಿ ಬಂದಿದ್ದೆ.
ಹುಣಸೆ ಉಜ್ಜಿದ್ದೆ, ಬೂದಿ ಉಜ್ಜಿದ್ದೆ, ಸಾಬೂನೂ.
ಹದಿನೇಳು ಕಿವಿ ಆಯಿತು. ಬಿಟ್ಟೆವು.
ಹದಿನಾರು ಮರಿ ಹದಿನಾರು ಕೆಚ್ಚಲಿಗೆ ಹೋದವು.
ಸೊನ್ನೆ ನಾಲ್ಕು ಆರು ಮೂರು,
ಚೊಚ್ಚಲ ತಾಯಿಯ ಹೆಣ್ಣುಮರಿ,
ಬಾಲ ಅಲ್ಲಾಡಿಸಿಕೊಂಡು ಹೋಯಿತು.
ತಾಯಿ ಮೂಸಿತು. ಒದೆಯಿತು.
ಮತ್ತೆ ಹೋಯಿತು. ಮತ್ತೆ ಒದೆಯಿತು.
ಹಲಗೆಯ ಮೇಲೆ ಹಾಲು ತೊಟ್ಟಿಕ್ಕುತ್ತಿತ್ತು,
ಯಾರಿಗೂ ಅಲ್ಲದ ಹಾಲು.

“ಕೈಗೆ ಏನ್ ಹಚ್ಚೀದಿಬೇ ತಂಗಿ?”
“ಬೂತಾಯಿ,” ಅಂದೆ, ತಲೆ ತಗ್ಗಿಸಿ.
ಮಾಳಪ್ಪ ಸುಮ್ಮನಾದ.
ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ:
“ಭೂತಾಯಿ ವಾಸನಿಗೆ ಯಾಕ ಒದೀತೈತಿ ಇದು?”

ನಮ್ಮ ಬೂತಾಯಿಗೆ ಮುಳ್ಳಿರುತ್ತದೆ,
ಅದರ ಪುಳಿಮುಂಚಿ ಮರುದಿನಕ್ಕೇ ಹೆಚ್ಚು ರುಚಿ,
ಎಂದು ಅವನಿಗೆ ಹೇಗೆ ಹೇಳುವುದು.
ಹಿಲ್ಡಾ ಬಾಯಿ ನಕ್ಕು ನಕ್ಕು
ಕ್ಯಾಲೆಂಡರು ಕೈಜಾರಿ ಹಿಕ್ಕೆಯ ಮೇಲೆ ಬಿತ್ತು.

ಗೊತ್ತಾದ ಮೇಲೆ ಅವನು ನಗಲಿಲ್ಲ.
ತಾಯಿಯದೇ ಹಾಲು ಹಿಂಡಿ
ಮರಿಯ ಬೆನ್ನಿಗೆ, ಬಾಲದ ಬುಡಕ್ಕೆ ಸವರಿದ.
ಮೇಲೆ ಚಿಟಿಕೆ ಉಪ್ಪು.
ತಾಯಿಯ ಹಿಂಗಾಲು ಹಿಡಿದು ಕೂತ.
“ನಿನ್ನ ಕೈನೂ ಕೊಡು,” ಅಂದ, “ಮೂಸಲಿ.
ಈ ಮನಿ ವಾಸನಿ ಹಿಂಗೇ ಅಂತ ಗೊತ್ತಾಗ್ಲಿ.”
ಮೂರು ದಿನ ಕೊಟ್ಟೆ.
ಒದ್ದೆ ಮೂಗು, ಬಿಸಿ ಉಸಿರು, ಬೆರಳ ಸಂದಿಯ ತನಕ.
ಮೂರನೆಯ ಸಂಜೆ ಮರಿ ಮಂಡಿಯೂರಿ ಕುಡಿಯಿತು,
ನನ್ನ ಕೈ ಎರಡರ ನಡುವೆಯೇ ಇತ್ತು,
ತೆಗೆಯಲು ಯಾರೂ ಹೇಳಲಿಲ್ಲ.

ಕ್ಯಾಲೆಂಡರಿನಲ್ಲಿ ಆ ಅಂಕೆಯ ಎದುರು
ಹಿಲ್ಡಾ ಬಾಯಿ “ಬೂತಾಯಿ” ಎಂದು ಬರೆದಿದ್ದಾರೆ.
ಟಗರು ಕೊಳ್ಳಲು ಬಂದ ಗಂಜಿಮಠದ ಬ್ಯಾರಿ ಓದಿ
“ಮೀನೂ ಉಂಟಾ ಬಾಯಮ್ಮಾ, ಕಿಲೋಕ್ಕೆ ಎಷ್ಟು?” ಎಂದರು.

ಈ ವರ್ಷ ಅವಳಿಗೇ ಮರಿ.
ನಾನು ಮೀನು ಕೊಯ್ದೇ ಬಂದಿದ್ದೆ, ನೆನಪಿಲ್ಲದೆ.
ಕೂಸನ್ನು ಎತ್ತಿಕೊಂಡ ಮೇಲೆ ನೆನಪಾಯಿತು.
ಅವಳು ಹತ್ತಿರ ಬಂದು ಕೈಯನ್ನೇ ಮೊದಲು ಮೂಸಿದಳು,
ಆಮೇಲೆ ಮರಿಯನ್ನು,
ಆಮೇಲೆ ಮತ್ತೆ ಕೈಯನ್ನು.

ಕಿವಿ ಎತ್ತಿ ಹಿಡಿದೆ.
ಮೋಡ ಕವಿದಿತ್ತು, ಗೆರೆ ಕಾಣಲಿಲ್ಲ.
ಇಕ್ಕಳ ಪಕ್ಕಕ್ಕಿಟ್ಟು ಬಿಸಿಲು ಬರಲಿ ಎಂದು
ಮೂವರೂ ಕೂತೆವು.