ಪೆನ್ಸಿಲ್ ಲೆಕ್ಕ

ಜಲೀಬಿನ ನಾಲ್ಕನೇ ಗಲ್ಲಿಯಲ್ಲಿ
ಇಸ್ತ್ರಿಯವನಿಗೂ ಕುಬ್ಬೂಸಿನ ಒಲೆಗೂ ನಡುವೆ
ಸಿಕ್ಕಿಕೊಂಡ ಮೂರಡಿ, ನನ್ನ ರೀಚಾರ್ಜ್ ಅಂಗಡಿ.
ಎಸಿ ಬೆವರುತ್ತದೆ, ಕೆಳಗೆ ಬಕೆಟ್ಟು.

ಮೊನ್ನೆ ಬಂದಿದ್ದ ಒಬ್ಬ ಲ್ಯಾಪ್‌ಟಾಪಿನ ಹುಡುಗ,
ಕೈರೋದವನಂತೆ, ಬಲು ಮರ್ಯಾದಸ್ಥ.
ಸುಲೈಮಾನಿ ಆರಿಸುತ್ತ ನಕ್ಷೆ ತೆರೆದ:
ಯಾರು ಎಷ್ಟು ದುಡ್ಡು ತುಂಬಿಸುತ್ತಾರೆ, ಎಷ್ಟು ದಿನಕ್ಕೊಮ್ಮೆ,
ಯಾವ ಟವರಿನ ಕೆಳಗೆ ಮಲಗುತ್ತಾರೆ,
ಇಷ್ಟು ಸಿಕ್ಕರೆ ಸಾಕು ಅಂಕಲ್,
ಬಾಗಿಲು ತಟ್ಟದೆಯೇ ಹೇಳಬಹುದು ಬಡವರು ಯಾರೆಂದು.
ಕೆಂಪು ಚುಕ್ಕೆ, ಬಡತನ.
ಹಸಿರು, ಪರವಾಗಿಲ್ಲ.

ನಕ್ಕೆ. ಇಪ್ಪತ್ತೆರಡು ವರ್ಷದಿಂದ
ಅದನ್ನೇ ಮಾಡುತ್ತಿದ್ದೇನೆ ಮಾರಾಯ, ಸಂಬಳವಿಲ್ಲದೆ.
ಕಾಲು ದಿನಾರಿನ ಕಾರ್ಡು ಕೇಳುವಾಗ
ದನಿ ತಗ್ಗಿತೋ,
ತಿಂಗಳು ಎಲ್ಲಿಗೆ ಮುಟ್ಟಿದೆಯೆಂದು
ಕ್ಯಾಲೆಂಡರ್ ನೋಡಬೇಕಿಲ್ಲ ನಾನು.

ಹೆಸರಿಲ್ಲ, ನಂಬರಿಲ್ಲ, ಬರೀ ಚುಕ್ಕೆ ಎಂದ.
ಆದರೆ ಇಡೀ ರಾತ್ರಿ ಉರಿಯುವ ಹಸಿರು
ಈ ಗಲ್ಲಿಯಲ್ಲಿ ಒಂದೇ.
ತೊಫಜ್ಜಲ್. ಹನ್ನೊಂದು ಜನರ ಕೋಣೆಯಲ್ಲಿ
ಕಾಗದಪತ್ರ ಸರಿಯಿರುವವ ಅವನೊಬ್ಬ,
ಹಾಗಾಗಿ ಸಿಮ್ಮು ಒಂದೇ.
ಹನ್ನೊಂದು ಮನೆಯ ಜ್ವರ, ಜಗಳ, ಪರೀಕ್ಷೆಯ ಮಾರ್ಕು
ಒಬ್ಬನ ಸಿರಿಯಾಗಿ ಹೊಳೆಯುತ್ತಿತ್ತು ಅಲ್ಲಿ.

ಓಬುಳಮ್ಮನನ್ನು ಹುಡುಕಿದೆ, ಕಡಪದವಳು.
ನಾಲ್ಕು ತಿಂಗಳಿಂದ ಕೆಂಪೂ ಇಲ್ಲ, ಹಸಿರೂ ಇಲ್ಲ.
ಫೋನು ಮನೆಯೊಡತಿಯ ಡ್ರಾಯರಿನಲ್ಲಿದೆ.
ಬೀಗಕ್ಕೆ ಯಾವ ಬಣ್ಣ ಕೊಡುತ್ತೀ?

ಮಿಸ್ ಕಾಲಿನ ವ್ಯಾಕರಣವನ್ನೂ ಹೇಳಿಕೊಟ್ಟೆ.
ಒಂದು ರಿಂಗು, ಉಂಡೆ.
ಎರಡಾದರೆ, ದುಡ್ಡು ಹೊರಟಿದೆ.
ಮೂರಾದರೆ ನೀನೇ ಮಾಡು, ಅರ್ಜೆಂಟು.
ಬಿಲ್ಲಿಲ್ಲದ ಮಾತು.

ಬರೆದುಕೊಂಡ. ಒಳ್ಳೆಯ ಹುಡುಗನೇ.
ಚಹಾಕ್ಕೆ ದುಡ್ಡು ತೆಗೆದ, ಬೇಡವೆಂದೆ.

ನನ್ನದೊಂದು ಹೇಳಲಿಲ್ಲ.
ದೇರಳಕಟ್ಟೆಯಲ್ಲಿ ಮಗಳ ಫೋನಿಗೆ
ಮೂರು ತಿಂಗಳ ಪ್ಯಾಕು ಇಲ್ಲಿಂದಲೇ ಹೋಗುತ್ತದೆ,
ಅಳಿಯನದಕ್ಕೂ.
ಕೂಸು ಮಗುಚಿದ್ದು, ಕೂಸು ಸೀನಿದ್ದು,
ದಿನಕ್ಕೆ ಹತ್ತು ವಿಡಿಯೋ.
ಯಾರಾದರೂ ಅಲ್ಲಿಯ ನಕ್ಷೆ ಬಿಡಿಸಿದರೆ
ಹಸಿರೋ ಹಸಿರು ನಮ್ಮ ಮನೆ.
ಇಲ್ಲಿ ನಿನ್ನೆಯ ಕುಬ್ಬೂಸು ಮೊಸರಲ್ಲಿ ನೆನೆಯುತ್ತಿದೆ.
ಇರಲಿ. ಮೆತ್ತಗಾಗುತ್ತದೆ, ಹಲ್ಲಿಗೆ ಒಳ್ಳೆಯದು.

ಶಟರು ಅರ್ಧ ಎಳೆದಿದ್ದೆ,
ಬಗ್ಗಿ ನುಸುಳಿ ಬಂದ ಒಬ್ಬ ಹೊಸಬ,
ಹೆಲ್ಮೆಟ್ಟು ಕಚ್ಚಿದ ಗೆರೆ ಹಣೆಯ ಮೇಲೆ.
ಯಾವ ಭಾಷೆಯೋ, ಬೆರಳಲ್ಲೇ ಕೇಳಿದ:
ಕಾಲು ದಿನಾರು, ಸಾಲ.
ಕೊಟ್ಟೆ. ಅಲ್ಲೇ ನಿಂತು ನಂಬರು ಒತ್ತಿ
ಒಂದೇ ರಿಂಗಿಗೆ ಕತ್ತರಿಸಿ
ಹೋದ.

ಪುಸ್ತಕ ತೆಗೆದು ಬರೆದೆ:
ಹಣೆಗೆರೆಯವ, ಇನ್ನೂರೈವತ್ತು ಫಿಲ್ಸ್.
ಪೆನ್ಸಿಲಿನಲ್ಲಿ.
ಈ ಅಂಗಡಿಯಲ್ಲಿ ಪೆನ್ನು ಇಡುವುದಿಲ್ಲ ನಾನು.